ಸೈಕಲ್ ಹತ್ತಿದಂದಿನಿಂದ ಸಿಟ್ಟೇ ಇಳಿಯುತ್ತಿಲ್ಲ

ಪ್ರಶ್ನೆ: ನನಗೆ 46 ವರ್ಷ. ರಾಜಾಜಿನಗರದಲ್ಲಿ ಮನೆ, ಕೆ.ಜಿ. ರಸ್ತೆ ಹತ್ತಿರ ಕಚೇರಿ. ಶುಗರ್ ಗಡಿಗೆ ಬಂದಿದೆ, ದಿನಾ ಮೈ ಬೆವರಬೇಕು ಅಂತ ಡಾಕ್ಟರ್ ಹೇಳಿದ್ದಕ್ಕೆ ಹೋದ ವರ್ಷ ಸೈಕಲ್ ಕೊಂಡೆ. ಶುಗರ್ ಹತೋಟಿಗೆ ಬಂತು, ಮನಸ್ಸು ಮಾತ್ರ ಹತೋಟಿ ತಪ್ಪುತ್ತಿದೆ. ಬಸ್ಸು ಮೈಗೆ ಉಜ್ಜಿಕೊಂಡೇ ಹೋಗುತ್ತದೆ, ಆಟೊದವರು ಅಡ್ಡ ತಿರುಗಿಸುತ್ತಾರೆ, ಹಿಂದಿನಿಂದ ಹಾರ್ನ್ ನಿಲ್ಲುವುದೇ ಇಲ್ಲ. ಹೋದ ತಿಂಗಳು ಸಿಟ್ಟು ತಡೆಯಲಾಗದೆ ಒಂದು ಕಾರಿನ ಬಾನೆಟ್ ಮೇಲೆ ಗುದ್ದಿಬಿಟ್ಟೆ. ಅವನು ಇಳಿದು ಬಂದ, ಕೈಕೈ ಮಿಲಾಯಿಸುವಷ್ಟರಲ್ಲಿ ಜನ ಬಿಡಿಸಿದರು. ಅದಾಗಿ ಸ್ವಲ್ಪ ದಿನಕ್ಕೆ, ಬಸ್ಸಿಗೆ ಹೆದರಿ ಫುಟ್‌ಪಾತ್ ಹತ್ತಿಸಿದೆ. ವಯಸ್ಸಾದ ಒಬ್ಬರು ಅಮ್ಮನಿಗೆ ಹ್ಯಾಂಡಲ್ ತಗುಲಿ ಅವರ ಕೈಚೀಲದ ಟೊಮೆಟೊ ಎಲ್ಲ ಚೆಲ್ಲಿತು. ‘ಏನಪ್ಪಾ, ನಾವು ಇನ್ನೆಲ್ಲಿ ನಡೀಬೇಕು?’ ಅಂದರು. ‘ನೋಡ್ಕೊಂಡು ನಡೀರಿ’ ಅಂತ ನಾನೇ ಜೋರು ಮಾಡಿ ಹೊರಟುಬಂದೆ. ಆ ಮಾತು ರಾತ್ರಿ ನಿದ್ದೆ ಕೆಡಿಸುತ್ತಿದೆ. ಮಗಳು ಕಾಲೇಜಿಗೆ ಸ್ಕೂಟರ್‌ನಲ್ಲಿ ಹೋಗುತ್ತಾಳೆ. ಅವಳ ಮೇಲೂ ‘ನಿಮ್ಮಂಥವರಿಂದಲೇ’ ಅಂತ ರೇಗುತ್ತೇನೆ. ನಾನು ಮೊದಲು ಇಂಥವನಾಗಿರಲಿಲ್ಲ. ಸೈಕಲ್ ಬಿಟ್ಟುಬಿಡಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ಸಿಟ್ಟು ಬರುವುದರಲ್ಲಿ ಅಸಹಜವಾದದ್ದು ಏನೂ ಇಲ್ಲ. ಹಲವು ಟನ್ ತೂಕದ ಬಸ್ಸು ಮೊಣಕೈಯಿಂದ ಒಂದು ಗೇಣು ದೂರದಲ್ಲಿ ಹಾದುಹೋದರೆ ಯಾರ ಮೈಯಾದರೂ ನಡುಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಕೈ ಬಿಗಿಯಾಗುತ್ತದೆ. ಜೀವಕ್ಕೆ ಅಪಾಯ ಬಂತು ಅಂತ ದೇಹ ತಾನಾಗಿ ಮಾಡಿಕೊಳ್ಳುವ ತಯಾರಿ ಅದು. ಬಸ್ಸು ಎರಡೇ ಕ್ಷಣದಲ್ಲಿ ಮುಂದೆ ಹೋಗಿರುತ್ತದೆ, ಆ ತಯಾರಿ ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ. ಅದೇ ಮೈಯಲ್ಲಿ ನೀವು ಮುಂದಿನ ಸಿಗ್ನಲ್ ತಲುಪುತ್ತೀರಿ, ಅಲ್ಲಿ ಇನ್ನೊಬ್ಬ ಹಾರ್ನ್ ಹೊಡೆಯುತ್ತಾನೆ. ಕಚೇರಿಗೆ ಬಂದು ಕುರ್ಚಿಯಲ್ಲಿ ಕೂತಾಗಲೂ ಒಳಗೆ ಅದು ಇಳಿದಿರುವುದಿಲ್ಲ. ಹೀಗೆ ದಿನಕ್ಕೆ ಎರಡು ಹೊತ್ತು ಒಂದು ವರ್ಷ ನಡೆದರೆ ಎಂಥ ಶಾಂತ ಸ್ವಭಾವದವರೂ ಸಿಡುಕುತ್ತಾರೆ. ‘ನಾನು ಇಂಥವನಾಗಿರಲಿಲ್ಲ’ ಅಂದಿರಲ್ಲ, ಈಗಲೂ ನೀವು ಇಂಥವರಲ್ಲ. ಹೆದರಿದ್ದೀರಿ, ಅಷ್ಟೇ. ನಮ್ಮ ಗಂಡಸರಿಗೆ ‘ಹೆದರಿಕೆಯಾಯಿತು’ ಅನ್ನುವುದಕ್ಕಿಂತ ‘ಸಿಟ್ಟು ಬಂತು’ ಅನ್ನುವುದು ಸುಲಭ. ನಿಮ್ಮ ಪತ್ರದಲ್ಲಿ ಹೆದರಿಕೆಯ ಮಾತು ಒಂದೇ ಕಡೆ ಬಂದಿದೆ, ಫುಟ್‌ಪಾತ್ ಹತ್ತಿಸಿದ ವಾಕ್ಯದಲ್ಲಿ. ಅಲ್ಲಿಂದಲೇ ಶುರು ಮಾಡೋಣ.

ಇದು ಸುಮ್ಮಸುಮ್ಮನೆ ಹುಟ್ಟಿದ ಹೆದರಿಕೆಯೂ ಅಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಇದನ್ನು ಹೇಳಿದ್ದು ನಿಮ್ಮನ್ನು ಇನ್ನಷ್ಟು ಹೆದರಿಸುವುದಕ್ಕಲ್ಲ. ‘ಇಷ್ಟಕ್ಕೆಲ್ಲ ಹೆದರುತ್ತೀಯಾ’ ಅಂತ ಯಾರಾದರೂ ನಕ್ಕರೆ ತಲೆತಗ್ಗಿಸಬೇಕಾಗಿಲ್ಲ ಅಂತ ತಿಳಿಸುವುದಕ್ಕೆ. ಜೊತೆಗೆ, ನಿಮಗಿಂತ ಹೆಚ್ಚು ಹೆದರಿಕೆಯಲ್ಲಿ ಅದೇ ರಸ್ತೆಯಲ್ಲಿ ಇರುವವರು ಯಾರು ಅನ್ನುವುದೂ ಈ ಲೆಕ್ಕದಲ್ಲಿ ಕಾಣುತ್ತದೆ.

ನಿಮ್ಮ ನಿದ್ದೆ ಕೆಡಿಸುತ್ತಿರುವುದು ಆ ಕಾರಿನವನಲ್ಲ, ಟೊಮೆಟೊ ಚೀಲದ ಆ ಅಮ್ಮ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ನಮ್ಮ ರಸ್ತೆಗಳಲ್ಲಿ ದಿನಾ ನಡೆಯುವುದು ಅದೇ. ಬಸ್ಸಿನ ಒತ್ತಡ ಕಾರಿಗೆ, ಕಾರಿನದು ಬೈಕಿಗೆ, ಬೈಕಿನದು ಸೈಕಲ್ಲಿಗೆ, ಕೊನೆಗೆ ಎಲ್ಲ ಬಂದು ಬೀಳುವುದು ನಡೆಯುವವರ ಮೇಲೆ. ಅವರಿಗೆ ತಮ್ಮ ಕೆಳಗೆ ದಾಟಿಸಲು ಯಾರೂ ಇಲ್ಲ. ಆವತ್ತು ಬಸ್ಸಿನವನಿಗೆ ಹೇಳಬೇಕಾದ ಮಾತನ್ನು ನೀವು ಆ ಅಮ್ಮನಿಗೆ ಹೇಳಿದಿರಿ. ಅದು ತಪ್ಪೇ. ಮೆತ್ತಗೆ ಹೇಳಿ ಮರೆಸುವುದು ನನಗೆ ಇಷ್ಟವಿಲ್ಲ, ನಿಮಗೂ ಅದರಿಂದ ಸಮಾಧಾನ ಸಿಗುವುದಿಲ್ಲ. ಫುಟ್‌ಪಾತ್ ಮೇಲೆ ಅವರ ಮೈಗೆ ತಗುಲಿದ್ದು ಚಕ್ರವಿರುವ ಒಂದು ಗಾಡಿ. ಅದನ್ನು ಓಡಿಸುತ್ತಿದ್ದವರು ಬಸ್ಸಿಗೆ ಹೆದರಿ ಬಂದವರೋ, ಟ್ರಾಫಿಕ್ ತಪ್ಪಿಸಲು ನುಗ್ಗಿದ ಬೈಕಿನವರೋ, ಅವರಿಗೆ ಹೇಗೆ ಗೊತ್ತಾಗಬೇಕು? ಆ ವಯಸ್ಸಿನಲ್ಲಿ ಒಂದು ಸಲ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ಓಡಾಡುವುದೇ ಕಷ್ಟ. ಆದರೂ ಅವರು ಬೈಯಲಿಲ್ಲ, ಒಂದು ನ್ಯಾಯವಾದ ಪ್ರಶ್ನೆ ಕೇಳಿದರು. ಅದು ನಿಮ್ಮನ್ನು ಇನ್ನೂ ಚುಚ್ಚುತ್ತಿದೆ ಎಂದರೆ ನಿಮ್ಮ ಒಳಗಿನ ನ್ಯಾಯಬುದ್ಧಿ ಹಾಗೇ ಇದೆ ಅಂತ ಅರ್ಥ. ಈ ನಾಚಿಕೆಯನ್ನು ಓಡಿಸಲು ಹೋಗಬೇಡಿ, ಅದರಿಂದ ಆಗಬೇಕಾದ ಕೆಲಸವಿದೆ.

ಇನ್ನು ಬಸ್ಸು, ಆಟೊ, ಕಾರಿನವರ ವಿಷಯ. ಮೈಗೆ ಉಜ್ಜಿಕೊಂಡು ಹೋದಾಗ ಮನಸ್ಸು ತಕ್ಷಣ ‘ಬೇಕೂಂತಲೇ ಮಾಡಿದ’ ಅನ್ನುತ್ತದೆ. ಬೇಕೆಂದೇ ಮಾಡುವವರು ಇಲ್ಲ ಎಂದಲ್ಲ. ಆದರೆ ಎಷ್ಟೋ ಸಲ ಅವರು ನಿಮ್ಮನ್ನು ನೋಡಿಯೇ ಇರುವುದಿಲ್ಲ. ಬಸ್ಸಿನ ಚಾಲಕ ಕೂರುವುದು ಬಲಗಡೆ, ಎತ್ತರದಲ್ಲಿ. ಎಡಬದಿಗೆ ಅಂಟಿಕೊಂಡು ಬರುವ ಸೈಕಲ್ ಆತನ ಕನ್ನಡಿಯಲ್ಲಿ ಕಾಣದೇ ಹೋಗುವ ಜಾಗವೊಂದಿದೆ. ಕಾರಿನ ಮುಂಗಾಜಿನ ಪಕ್ಕದ ಕಂಬದ ಮರೆಯಲ್ಲಿ ಒಂದು ಸೈಕಲ್ ಪೂರ್ತಿ ಮುಚ್ಚಿಹೋಗಬಹುದು. ಆಟೊದವರ ಕಣ್ಣು ಕೈ ತೋರಿಸುವ ಗಿರಾಕಿಯ ಮೇಲಿರುತ್ತದೆ. ಊಟ ತಲುಪಿಸುವ ಹುಡುಗನ ಕಣ್ಣು ಮೊಬೈಲಿನ ಗಡಿಯಾರದ ಮೇಲೆ. ಇದರಿಂದ ಅವರ ತಪ್ಪು ಮಾಫಿಯಾಗುವುದಿಲ್ಲ. ಆದರೆ ‘ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ’ ಅನ್ನುವ ಅವಮಾನ ಇದೆಯಲ್ಲ, ಸಿಟ್ಟನ್ನು ಸಂಜೆಯವರೆಗೂ ಉರಿಸುವುದು ಅದು. ‘ನಾನು ಕಾಣಲಿಲ್ಲ’ ಎಂದುಕೊಂಡರೆ ಅವಮಾನ ಕಡಿಮೆಯಾಗುತ್ತದೆ, ಕಾಣುವಂತೆ ಹೋಗಬೇಕು ಅನ್ನುವ ಎಚ್ಚರ ಹುಟ್ಟುತ್ತದೆ.

ಬೆಂಗಳೂರಿನ ಜನವೇ ಹೀಗೆ ಅಂತ ಬಹಳ ಜನ ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಭಾನುವಾರ ವಾಹನ ನಿಲ್ಲಿಸಿದ ಕಬ್ಬನ್ ಪಾರ್ಕಿನ ರಸ್ತೆಗಳಿಗೆ ಹೋಗಿ ನೋಡಿ. ಮಕ್ಕಳ ಸೈಕಲ್, ಓಡುವವರು, ಕೋಲು ಊರಿಕೊಂಡು ನಡೆಯುವ ಹಿರಿಯರು ಎಲ್ಲ ಒಂದೇ ರಸ್ತೆಯಲ್ಲಿ ಇರುತ್ತಾರೆ, ಜಗಳ ಕಾಣುವುದಿಲ್ಲ. ಅಲ್ಲಿರುವವರಲ್ಲಿ ಬಹಳ ಮಂದಿ ಸೋಮವಾರ ಬೆಳಿಗ್ಗೆ ಸ್ಟಿಯರಿಂಗ್ ಹಿಡಿದು ಹಾರ್ನ್ ಹೊಡೆಯುವವರೇ. ‘ಟೆಂಡರ್ ಶ್ಯೂರ್’ ಯೋಜನೆಯ ರಸ್ತೆಗಳಲ್ಲಿ ಫುಟ್‌ಪಾತ್ ಅಗಲವಾಗಿ ಮಾಡಿದ ಮೇಲೆ ಅಲ್ಲಿ ನಡೆಯುವವರು ರಸ್ತೆಗೆ ಇಳಿಯುವುದು ಕಡಿಮೆಯಾಯಿತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸೈಕಲ್ಲಿಗೆಂದೇ ಪಟ್ಟೆ ಎಳೆದು ಸಣ್ಣ ಕಂಬ ನೆಟ್ಟಿದ್ದರು. ಬೈಕುಗಳು ನುಗ್ಗಿದವು, ಕಂಬಗಳು ಮುರಿದವು, ಕಾಮಗಾರಿಗಳು ಬಂದವು, ಅದು ಉಳಿಯಲಿಲ್ಲ. ಜಾಗ ಕೊಟ್ಟು ಕಾಪಾಡಿದರೆ ಅದೇ ಜನ ಸಮಾಧಾನದಿಂದ ಹೋಗುತ್ತಾರೆ, ಇಕ್ಕಟ್ಟಿನಲ್ಲಿ ತುರುಕಿದರೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನಿಮ್ಮ ಎದುರಾಳಿ ಎಂದುಕೊಂಡವರೂ ನಿಮ್ಮಂತೆಯೇ ಆ ಇಕ್ಕಟ್ಟಿನಲ್ಲಿ ಸಿಕ್ಕವರು.

ಈಗ ಮಾಡಬೇಕಾದ್ದು ಏನು? ಸೈಕಲ್ ಬಿಡಬೇಡಿ, ಆದರೆ ಒಂದು ವಾರ ಬಿಡುವು ಕೊಡಿ. ಮೆಟ್ರೊದಲ್ಲಿ ಹೋಗಿ, ಮೆಜೆಸ್ಟಿಕ್‌ನಿಂದ ನಡೆಯಿರಿ, ಡಾಕ್ಟರ್ ಹೇಳಿದ ಬೆವರು ಅದರಲ್ಲೂ ಬರುತ್ತದೆ. ಇದು ಸೋಲಲ್ಲ. ವರ್ಷದಿಂದ ಬಿಗಿದುಕೊಂಡ ಮೈ ಸಡಿಲವಾಗಲಿ ಅಂತ. ನಡೆಯುವಾಗ ಸೈಕಲ್ ಹೇಗೆ ಕಾಣುತ್ತದೆ ಎಂಬುದನ್ನೂ ಗಮನಿಸಿ. ಹಿಂದಿನಿಂದ ಸದ್ದಿಲ್ಲದೆ ಬರುವ ಗಾಡಿಗೆ ವಯಸ್ಸಾದವರು ಯಾಕೆ ಬೆಚ್ಚುತ್ತಾರೆ ಅಂತ ಆಗ ತಿಳಿಯುತ್ತದೆ.

ಮತ್ತೆ ಸೈಕಲ್ ಹತ್ತಿದಾಗ, ಯಾರಾದರೂ ಅಡ್ಡ ಬಂದು ಮೈ ನಡುಗಿದರೆ, ಮುಂದಿನ ಅಂಗಡಿ ಬಾಗಿಲಲ್ಲೋ ಮರದ ಕೆಳಗೋ ಇಳಿದುಬಿಡಿ. ಎರಡೂ ಕಾಲು ನೆಲಕ್ಕೂರಿ ನಿಲ್ಲಿ. ಉಸಿರನ್ನು ನಿಧಾನವಾಗಿ, ಒಳಗೆ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ. ಮನಸ್ಸಿನಲ್ಲೇ ‘ನನಗೆ ಹೆದರಿಕೆಯಾಯಿತು’ ಎಂದುಕೊಳ್ಳಿ. ಕೈ ನಡುಕ ನಿಂತ ಮೇಲೆ ಹೊರಡಿ. ಆ ಹೊತ್ತಿನಲ್ಲಿ ಯಾರನ್ನೂ ಬೆನ್ನಟ್ಟಬೇಡಿ, ಯಾರ ಗಾಡಿಯನ್ನೂ ಮುಟ್ಟಬೇಡಿ. ಬಾನೆಟ್ ಗುದ್ದಿದ ದಿನ ಜನ ಬಿಡಿಸಿದರು, ಇನ್ನೊಂದು ದಿನ ಬಿಡಿಸುವವರು ಇಲ್ಲದೆ ಹೋಗಬಹುದು. ನಿಜಕ್ಕೂ ಜೀವಕ್ಕೆ ಅಪಾಯ ತಂದ ಗಾಡಿಯಾದರೆ ನಂಬರ್ ನೆನಪಿಟ್ಟುಕೊಂಡು, ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಬೆಂಗಳೂರು ಸಂಚಾರ ಪೊಲೀಸರ ‘ಅಸ್ತ್ರಂ’ ಆ್ಯಪ್‌ನಲ್ಲಿ ದೂರು ಹಾಕಿ. ಹಾಕಿದ ಮೇಲೆ ಆ ಪ್ರಸಂಗವನ್ನು ಮನೆಯಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳಬೇಡಿ. ಹೇಳಿದಷ್ಟೂ ಅದು ಹೊಸದಾಗುತ್ತದೆ.

ಸವಾರಿಯ ರೀತಿಯನ್ನೂ ಸ್ವಲ್ಪ ಬದಲಿಸಿಕೊಳ್ಳಿ. ಚರಂಡಿ ಅಂಚಿಗೆ ಅಂಟಿಕೊಂಡು ಹೋದರೆ ಹಿಂದಿನವರಿಗೆ ಕಾಣುವುದಿಲ್ಲ, ಗುಂಡಿ ಬಂದಾಗ ತಟ್ಟನೆ ಬಲಕ್ಕೆ ಎಳೆಯಬೇಕಾಗುತ್ತದೆ. ಅಂಚಿನಿಂದ ಒಂದು ಮಾರು ಒಳಗೆ, ನೇರವಾಗಿ ಹೋಗಿ. ನಿಲ್ಲಿಸಿದ ಕಾರುಗಳ ಪಕ್ಕದಲ್ಲೂ ಅಷ್ಟೇ ಅಂತರ ಬಿಡಿ, ಯಾವ ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ನಿಂತ ಬಸ್ಸಿನ ಎಡಗಡೆ ನುಸುಳಬೇಡಿ, ಅಲ್ಲಿ ಜನ ಇಳಿಯುತ್ತಿರುತ್ತಾರೆ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಕೆಲಸ ಮಾಡುವ ಬೆಲ್ ಇರಲಿ. ಕಾರ್ಡ್ ರೋಡ್ ಬದಲು ಒಳಗಿನ ಕ್ರಾಸ್‌ಗಳಲ್ಲಿ ಸುತ್ತಿ ಹೋದರೆ ಹತ್ತು ನಿಮಿಷ ಹೆಚ್ಚಾಗಬಹುದು, ಆದರೆ ಕಚೇರಿಗೆ ಬೇರೆಯೇ ಮನಸ್ಸಿನಲ್ಲಿ ತಲುಪುತ್ತೀರಿ.

ಫುಟ್‌ಪಾತ್ ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ಮಾತು. ಎಷ್ಟೇ ಹೆದರಿಕೆಯಾದರೂ ಅದರ ಮೇಲೆ ಸೈಕಲ್ ಓಡಿಸಬೇಡಿ. ಇಳಿದು ತಳ್ಳಿಕೊಂಡು ಹೋಗಿ. ತಳ್ಳುವಾಗ ನೀವೂ ನಡೆಯುವವರೇ, ಯಾರೂ ನಿಮ್ಮನ್ನು ಕೇಳುವಂತಿಲ್ಲ. ಫುಟ್‌ಪಾತ್ ಬಳಸುವ ಪಾದಚಾರಿಯ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಆ ಅಮ್ಮ ಕೋರ್ಟಿನ ಮಾತು ಓದಿರಲಿಕ್ಕಿಲ್ಲ, ಆದರೆ ಕೇಳಿದ್ದು ಅದನ್ನೇ. ಟೊಮೆಟೊ ಚೀಲ ಹಿಡಿದು ಬಂದವರು ಅದೇ ಬಡಾವಣೆಯವರಿರಬೇಕು, ಮತ್ತೆ ಸಿಗಬಹುದು. ಸಿಕ್ಕರೆ ಸೈಕಲ್ ನಿಲ್ಲಿಸಿ, ಇಳಿದು, ‘ಅಮ್ಮ, ಅವತ್ತು ತಪ್ಪು ನನ್ನದೇ’ ಅನ್ನಿ. ಬಸ್ಸಿನ ಕಥೆ ಹೇಳಬೇಡಿ. ಕಾರಣ ಹೇಳಿದರೆ ಕ್ಷಮೆ ಕೇಳಿದಂತಾಗುವುದಿಲ್ಲ.

ಮಗಳ ಹತ್ತಿರವೂ ಮಾತಾಡಬೇಕು, ಬುದ್ಧಿ ಹೇಳುವುದಕ್ಕಲ್ಲ. ಊಟಕ್ಕೆ ಕೂತಾಗ ‘ಸ್ಕೂಟರ್ ಮೇಲಿನಿಂದ ಸೈಕಲ್‌ನವರು ಹೇಗೆ ಕಾಣ್ತಾರಮ್ಮ?’ ಅಂತ ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಅವಳನ್ನೂ ಬಸ್ಸಿನವರು ಒತ್ತುತ್ತಾರೆ, ಹೆಣ್ಣುಮಗಳು ಅಂತ ಕಾರಿನವರು ಇನ್ನೆರಡು ಮಾತು ಹೆಚ್ಚೇ ಅನ್ನುತ್ತಾರೆ. ಅಪ್ಪ ರೇಗುತ್ತಾರೆ ಅಂತ ಅವಳು ಅದನ್ನು ನಿಮಗೆ ಹೇಳದೇ ಇರಬಹುದು. ನೀವು ‘ನಿಮ್ಮಂಥವರು’ ಅಂದ ಗುಂಪಿನಲ್ಲಿ ನಿಮ್ಮ ಮಗಳೇ ಇದ್ದಾಳೆ ಅನ್ನುವುದು ನೆನಪಾದರೆ, ನಾಳೆ ಸಿಗ್ನಲ್‌ನಲ್ಲಿ ಹಾರ್ನ್ ಹೊಡೆಯುವವರ ಮೇಲೂ ಅಷ್ಟು ಸಿಟ್ಟು ಬರುವುದಿಲ್ಲ.

ನಿಮ್ಮ ಸಿಟ್ಟಿನಲ್ಲಿ ಒಂದು ಪಾಲು ನ್ಯಾಯವಾದದ್ದು, ಅದನ್ನು ಆರಿಸಿಬಿಡಿ ಎಂದು ನಾನು ಹೇಳಲಾರೆ. ಒಡೆದ ಕಲ್ಲುಹಾಸು, ಫುಟ್‌ಪಾತ್ ಮೇಲೆ ನಿಲ್ಲಿಸಿದ ಬೈಕುಗಳು, ಅಳಿಸಿಹೋದ ಜೀಬ್ರಾ ಪಟ್ಟೆ, ಇವೆಲ್ಲದರ ಫೋಟೊ ತೆಗೆದು ಪಾಲಿಕೆಯ 1533 ಸಹಾಯವಾಣಿಗೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ. ಬೀದಿಯ ಹಿರಿಯರನ್ನು, ಕಾರು ಇಟ್ಟುಕೊಂಡ ಪಕ್ಕದ ಮನೆಯವರನ್ನು ಕರೆದುಕೊಳ್ಳಿ. ಅವರ ತಾಯಿಯೂ ಬೆಳಿಗ್ಗೆ ಹಾಲಿಗೆ ನಡೆದೇ ಹೋಗುವವರು.

ಇಷ್ಟಾದರೂ ಇನ್ನು ಎರಡು ಮೂರು ವಾರ ನಿದ್ದೆ ಹೀಗೇ ಕೆಟ್ಟರೆ, ಮನೆಯಲ್ಲಿ ಕೈ ಎತ್ತುವ ಮಟ್ಟಕ್ಕೆ ಸಿಟ್ಟು ಹೋದರೆ, ಅಥವಾ ಸಮಾಧಾನಕ್ಕೆಂದು ಕುಡಿಯುವುದು ಶುರುವಾದರೆ, ತಡಮಾಡದೆ ಆಪ್ತಸಮಾಲೋಚಕರನ್ನು ಕಾಣಿ. ‘ಟೆಲಿ ಮನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ. ನಿಮ್ಮ ಶುಗರ್ ಡಾಕ್ಟರಿಗೂ ನಿದ್ದೆಯ ವಿಷಯ ತಿಳಿಸಿ, ಬಿ.ಪಿ. ಒಂದು ಸಲ ನೋಡಿಸಿ. ನಿದ್ದೆಗೆಟ್ಟರೆ ಶುಗರ್ ಮತ್ತೆ ಏರಬಹುದು.

ಈ ಪತ್ರವನ್ನು ಕಾರು, ಬೈಕು ಓಡಿಸುವವರೂ ಓದುತ್ತಿದ್ದೀರಿ. ನಿಮ್ಮಲ್ಲೂ ಒಂದು ಬೇಡಿಕೆ ಇದೆ. ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟೆಯಲ್ಲಿ ನಡೆಯುವವರಿಗೆ ಮೊದಲು ದಾರಿ ಬಿಡಬೇಕು, ಫುಟ್‌ಪಾತ್ ಮೇಲೆ ಗಾಡಿ ಹತ್ತಿಸಬಾರದು. ಇದು ಔದಾರ್ಯದ ಮಾತಲ್ಲ, 2017ರ ಚಾಲನಾ ನಿಯಮಾವಳಿಯಲ್ಲೇ ಇದೆ. ಸೈಕಲ್ ದಾಟುವಾಗ ಒಂದು ಮಾರು ಜಾಗ ಬಿಡಿ, ಜಾಗ ಇಲ್ಲದಿದ್ದರೆ ಹಾರ್ನ್ ಹೊಡೆಯದೆ ಅರ್ಧ ನಿಮಿಷ ಹಿಂದೆಯೇ ಬನ್ನಿ. ಕಾರು ನಿಲ್ಲಿಸಿ ಇಳಿಯುವಾಗ ಬಲಗಡೆಯ ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಆಗ ಮೈ ತಾನಾಗಿ ಹಿಂದಕ್ಕೆ ತಿರುಗುತ್ತದೆ, ಬರುತ್ತಿರುವ ಸೈಕಲ್ ಕಣ್ಣಿಗೆ ಬೀಳುತ್ತದೆ. ಇವತ್ತು ಸಂಜೆ ಮನೆ ಮುಂದೆ ಕಾರು ನಿಲ್ಲಿಸಿದಾಗಲೇ ಇದನ್ನು ಮಾಡಿ ನೋಡಿ, ಮನೆಯವರಿಗೂ ಹೇಳಿಕೊಡಿ.