ಪಾರಿವಾಳ ಮನೆ ಮರೆಯೋದಿಲ್ಲ: ಸಾಕುವವರಿಗೂ ಓಡಿಸುವವರಿಗೂ ಒಂದೇ ಪಾಠ

ಈ ವಾರ ಪಾರಿವಾಳದ ಬಗ್ಗೆ ಎರಡು ಪ್ರಶ್ನೆ ಬಂದಿವೆ. ಒಬ್ಬ ರೈತರು ಫೋನಿನಲ್ಲಿ ಹೇಳಿದ್ದು: "ಉಗ್ರಾಣದ ಸೂರಲ್ಲಿದ್ದ ಪಾರಿವಾಳ ಹಿಡಿದು ಮೂವತ್ತು ಕಿಲೋಮೀಟರ್ ಆಚೆ ಬಿಟ್ಟು ಬಂದೆ ಸಾರ್. ಮಾರನೇ ದಿನ ನೋಡಿದ್ರೆ ಅದೇ ತೊಲೆ ಮೇಲೆ ಕೂತಿದ್ವು." ಇನ್ನೊಬ್ಬ ಹುಡುಗ ಕೇಳಿದ್ದು: "ದುಡ್ಡು ಕೊಟ್ಟು ಎರಡು ಜೋಡಿ ತಂದೆ. ಒಂದು ತಿಂಗಳು ಗೂಡಲ್ಲೇ ಇಟ್ಟು ಆಮೇಲೆ ಬಿಟ್ಟೆ. ನಾಲ್ಕೂ ಹೋದ್ವು. ಎಲ್ಲಿಗೆ ಹೋದ್ವು ಸಾರ್?"

ಒಬ್ಬರಿಗೆ ಹಕ್ಕಿ ವಾಪಸ್ ಬಂದಿದ್ದೇ ಕಷ್ಟ, ಇನ್ನೊಬ್ಬರಿಗೆ ಬಾರದ್ದು ಕಷ್ಟ. ಎರಡಕ್ಕೂ ಉತ್ತರ ಒಂದೇ: ಪಾರಿವಾಳ ತನ್ನ ಮನೆಗೆ ಹೋಗಿದೆ. ಹುಡುಗನ ಹಕ್ಕಿಗಳು ಹಳೇ ಮಾಲೀಕರ ಗೂಡಿಗೆ ಹೊರಟಿರಬೇಕು. ಈ ಹಕ್ಕಿಗೆ "ಮನೆ" ಅಂದರೇನು, ಅಲ್ಲಿಗೆ ದಾರಿ ಹೇಗೆ ಗೊತ್ತಾಗತ್ತೆ ಅನ್ನೋದನ್ನ ವಿಜ್ಞಾನಿಗಳು ಎಪ್ಪತ್ತು ವರ್ಷಕ್ಕೂ ಮೀರಿ ಹುಡುಕಿದ್ದಾರೆ. ಅದನ್ನು ತಿಳಿದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ.

ನಕ್ಷೆ ಒಂದು, ದಿಕ್ಸೂಚಿ ಒಂದು

ನಿಮ್ಮನ್ನು ಕಣ್ಣು ಕಟ್ಟಿ ಗೊತ್ತಿಲ್ಲದ ಊರಲ್ಲಿ ಇಳಿಸಿದರು ಅಂದುಕೊಳ್ಳಿ. ವಾಪಸ್ ಬರಲು ಎರಡು ವಿಷಯ ಗೊತ್ತಾಗಬೇಕು. ಮೊದಲನೆಯದು, ನಾನು ಮನೆಯಿಂದ ಯಾವ ಕಡೆ ಇದ್ದೀನಿ? ಎರಡನೆಯದು, ಮನೆಯ ಕಡೆ ಅಂದರೆ ಈಗ ಯಾವ ದಿಕ್ಕು? ಮೊದಲನೆಯದಕ್ಕೆ ನಕ್ಷೆ ಬೇಕು, ಎರಡನೆಯದಕ್ಕೆ ದಿಕ್ಸೂಚಿ. ಹೀಗೆ ಬಿಡಿಸಿ ಹೇಳಿದವರು ಜರ್ಮನಿಯ ಗುಸ್ತಾವ್ ಕ್ರಾಮರ್, 1950ರ ದಶಕದಲ್ಲಿ. ಹಕ್ಕಿಗಳು ಸೂರ್ಯನನ್ನು ನೋಡಿ ದಿಕ್ಕು ಹಿಡಿಯುತ್ತವೆ ಅಂತ ತೋರಿಸಿದವರೂ ಅವರೇ. 1959ರಲ್ಲಿ ಇಟಲಿಯ ಬಂಡೆಗಳಲ್ಲಿ ಕಾಡು ಪಾರಿವಾಳದ ಮರಿ ತರಲು ಹತ್ತಿದ್ದಾಗ ಬಿದ್ದು ತೀರಿಕೊಂಡರು.

ಸೂರ್ಯ ಒಂದೇ ಕಡೆ ನಿಲ್ಲೋದಿಲ್ಲವಲ್ಲ? ಅದಕ್ಕೇ ಪಾರಿವಾಳಕ್ಕೆ ಮೈಯೊಳಗೆ ಗಡಿಯಾರವೂ ಇದೆ. ಇದನ್ನು ಪರೀಕ್ಷಿಸಿದವರು ಕ್ಲಾಸ್ ಶ್ಮಿಟ್-ಕೋನಿಗ್. ಪಾರಿವಾಳಗಳನ್ನು ಕೆಲವು ದಿನ ಕೋಣೆಯಲ್ಲಿಟ್ಟು, ನಿಜವಾದ ಹಗಲಿಗಿಂತ ಆರು ಗಂಟೆ ಹಿಂದೆ ಮುಂದೆ ದೀಪ ಹಾಕಿ ಆರಿಸಿದರು. ಹೊರಗೆ ಬಿಟ್ಟಾಗ ಅವು ಮನೆ ದಿಕ್ಕಿಗೆ ಹೋಗದೆ ಸುಮಾರು 90 ಡಿಗ್ರಿ ಅಡ್ಡ ಹಾರಿದವು. ಲೆಕ್ಕ ಸರಳ. ಆಕಾಶದಲ್ಲಿ ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ; ಆರು ಗಂಟೆಗೆ 90. ಬೆಳಿಗ್ಗೆ ಪೂರ್ವದಲ್ಲಿರೋ ಸೂರ್ಯನನ್ನು ಕಂಡು ಹಕ್ಕಿ "ಇದು ಮಧ್ಯಾಹ್ನದ ಸೂರ್ಯ, ಅದೇ ದಕ್ಷಿಣ" ಅಂತ ನಂಬಿತ್ತು.

ಮೋಡ ಕವಿದರೆ?

ಮೋಡದ ದಿನವೂ ಅನುಭವವಿರುವ ಪಾರಿವಾಳ ಮನೆ ಸೇರತ್ತೆ. ಹೇಗೆ ಅಂತ ನೋಡಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಕೀಟನ್. 1971ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಕೆಲವು ಹಕ್ಕಿಗಳ ಬೆನ್ನಿಗೆ ಸಣ್ಣ ಅಯಸ್ಕಾಂತ ಅಂಟಿಸಿದರು, ಉಳಿದವಕ್ಕೆ ಹಿತ್ತಾಳೆಯ ಪಟ್ಟಿ. ಬಿಸಿಲಿದ್ದ ದಿನ ಅನುಭವಿ ಹಕ್ಕಿಗಳಲ್ಲಿ ಎರಡೂ ಗುಂಪು ಸರಿಯಾದ ದಿಕ್ಕು ಹಿಡಿದವು. ಮೋಡದ ದಿನ ಹಿತ್ತಾಳೆಯವು ದಿಕ್ಕು ಹಿಡಿದವು, ಅಯಸ್ಕಾಂತದವು ತಬ್ಬಿಬ್ಬಾದವು. ಅಂದರೆ ಸೂರ್ಯ ಕಾಣದಿದ್ದಾಗ ಭೂಮಿಯ ಕಾಂತಕ್ಷೇತ್ರ ಕೈ ಹಿಡಿಯುತ್ತದೆ. ಒಂದು ಕೆಟ್ಟರೆ ಇನ್ನೊಂದು, ನಮ್ಮ ಕರೆಂಟು ಹೋದಾಗ ಲಾಟೀನು ಇದ್ದ ಹಾಗೆ.

ಆ ಕಾಂತಶಕ್ತಿ ಗ್ರಹಿಸೋ ಅಂಗ ಕೊಕ್ಕಿನಲ್ಲಿದೆ, ಅಲ್ಲಿ ಕಬ್ಬಿಣದ ಕಣಗಳಿರುವ ನರಕೋಶಗಳಿವೆ ಅಂತ ಎಷ್ಟೋ ಪುಸ್ತಕದಲ್ಲಿ ಬರೆದಿರುತ್ತೆ. 2012ರಲ್ಲಿ ಡೇವಿಡ್ ಕೀಸ್ ಅವರ ತಂಡ ಸೂಕ್ಷ್ಮವಾಗಿ ನೋಡಿದಾಗ ಅವು ನರಕೋಶಗಳೇ ಅಲ್ಲ, ರೋಗನಿರೋಧಕ ಕೆಲಸದ ಮ್ಯಾಕ್ರೋಫೇಜ್ ಕೋಶಗಳು ಅಂತ ತಿಳಿಯಿತು.

ಗಾಳಿಯಲ್ಲಿ ಬರುವ ನಕ್ಷೆ

ದಿಕ್ಸೂಚಿ ಆಯ್ತು, ನಕ್ಷೆ ಎಲ್ಲಿಂದ? ಇಟಲಿಯ ಪೀಸಾದ ಫ್ಲೋರಿಯಾನೊ ಪಾಪಿ 1972ರಲ್ಲಿ ಕೊಟ್ಟ ಉತ್ತರ ಎಲ್ಲರಿಗೂ ಆಶ್ಚರ್ಯ ತಂದಿತು: ವಾಸನೆಯಿಂದ. ವಾಸನೆಯ ನರ ಕತ್ತರಿಸಿದ ಪಾರಿವಾಳಗಳು ಗೊತ್ತಿಲ್ಲದ ಜಾಗದಿಂದ ದಾರಿ ಹಿಡಿಯಲಾರದೆ ಹೋದವು. 2006ರಲ್ಲಿ ಅನ್ನಾ ಗಾಲ್ಯಾರ್ಡೊ ಮತ್ತು ಸಂಗಡಿಗರು ಕೊಕ್ಕಿನ ನರ ಕತ್ತರಿಸಿದ ಹಕ್ಕಿಗಳನ್ನೂ ವಾಸನೆಯ ನರ ಕತ್ತರಿಸಿದವನ್ನೂ ಹೋಲಿಸಿದರು. ಕೊಕ್ಕಿನ ನರ ಹೋದವು ಸಲೀಸಾಗಿ ಬಂದವು, ವಾಸನೆ ಹೋದವುಗಳಲ್ಲಿ ಬಹುಪಾಲು ಬರಲಿಲ್ಲ.

ಇದು ನಡೆಯೋದು ಹೀಗೆ. ಗೂಡಲ್ಲಿ ಕೂತ ಮರಿ, ಯಾವ ಕಡೆ ಗಾಳಿ ಬೀಸಿದಾಗ ಯಾವ ವಾಸನೆ ಬರತ್ತೆ ಅಂತ ದಿನವೂ ಕಲಿಯುತ್ತೆ. ಉದಾಹರಣೆಗೆ, ಪಶ್ಚಿಮದ ಗಾಳಿಗೆ ಆಲೆಮನೆ ಬೆಲ್ಲದ ವಾಸನೆ ಬರುತ್ತೆ ಅಂದುಕೊಳ್ಳಿ. ದೂರ ಒಯ್ದು ಬಿಟ್ಟ ಕಡೆ ಅದೇ ವಾಸನೆ ಗಾಢವಾಗಿದ್ದರೆ, ತಾನು ಮನೆಯ ಪಶ್ಚಿಮಕ್ಕಿದ್ದೀನಿ, ಪೂರ್ವಕ್ಕೆ ಹಾರಬೇಕು ಅಂತ ಅರ್ಥ. ಸುತ್ತಲೂ ಗಾಳಿ ಬಾರದಂತೆ ತಡೆಗೋಡೆ ಕಟ್ಟಿ ಬೆಳೆಸಿದ ಮರಿಗಳು ದೂರದಿಂದ ಮನೆ ದಿಕ್ಕು ಹಿಡಿಯಲಿಲ್ಲ ಅನ್ನೋದೂ ಪ್ರಯೋಗದಲ್ಲಿ ಕಂಡಿದೆ. ಪಾರಿವಾಳ ಸಾಕುವವರು ಈ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

ಪರಿಚಯದ ಜಾಗದಲ್ಲಿ ಕಣ್ಣೇ ಸಾಕು. ಹಾನ್ಸ್-ಪೀಟರ್ ಲಿಪ್ ಮತ್ತು ಸಂಗಡಿಗರು ರೋಮ್ ಸುತ್ತಮುತ್ತ ಪಾರಿವಾಳಗಳ ಬೆನ್ನಿಗೆ ಜಿಪಿಎಸ್ ಕಟ್ಟಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಕ್ಕಿಗಳು ಹೆದ್ದಾರಿಯ ಗುಂಟ ಹಾರಿ, ನಾವು ತಿರುಗುವ ಕಡೆಯೇ ತಿರುಗಿದ್ದು ಕಂಡಿತು.

ಹಾರೋದಕ್ಕೆ ಇಂಧನ

ದಾರಿ ಗೊತ್ತಿದ್ದರೆ ಸಾಲದು, ರೆಕ್ಕೆಗೆ ಶಕ್ತಿ ಬೇಕು. ಗಾಳಿ-ಸುರಂಗದಲ್ಲಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರಿಸಿ ನೋಡಿದಾಗ ಪಾರಿವಾಳದ ಎದೆಬಡಿತ ಸುಮಾರು ಆರು ಪಟ್ಟು, ಆಮ್ಲಜನಕದ ಬಳಕೆ ಸುಮಾರು ಹತ್ತು ಪಟ್ಟು ಏರಿತು. ಈ ಬೆಂಕಿಗೆ ಸೌದೆ ಯಾವುದು ಅಂತ ತೋರಿಸಿದ್ದು ನಮ್ಮ ದೇಶದ ಬರೋಡಾದಲ್ಲಿ, ಜೆ. ಸಿ. ಜಾರ್ಜ್ ಮತ್ತು ಅವರ ಸಂಗಡಿಗರು, 1950ರ ದಶಕದಲ್ಲಿ. ಪಾರಿವಾಳದ ಎದೆಯ ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳಿವೆ. ದಪ್ಪನೆಯ ಬಿಳಿ ಎಳೆಯಲ್ಲಿ ಗ್ಲೈಕೋಜೆನ್, ತೆಳ್ಳನೆಯ ಕೆಂಪು ಎಳೆಯಲ್ಲಿ ಕೊಬ್ಬು. ದಿಢೀರನೆ ಮೇಲೇಳಲು ಬಿಳಿ ಎಳೆ ನೆರವಾಗುತ್ತೆ. ಗಂಟೆಗಟ್ಟಲೆ ಹಾರಲು ಬೇಕಾದದ್ದು ಕೆಂಪು ಎಳೆಯ ಕೊಬ್ಬು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋ ಕ್ಯಾಲೊರಿ ಇದ್ದರೆ ಹಿಟ್ಟಿನ ಅಂಶದಲ್ಲಿ 4 ಮಾತ್ರ.

ಮನೆ ಸೆಳೆಯಲು ಇನ್ನೊಂದು ಕಾರಣ ಮರಿ. ಮೊಟ್ಟೆ ಎರಡು, ಕಾವು ಸುಮಾರು 18 ದಿನ. ಮೊದಲ ದಿನಗಳಲ್ಲಿ ಗಂಡು ಹೆಣ್ಣು ಎರಡೂ ಗಂಟಲ ಚೀಲದಲ್ಲಿ ಊರುವ "ಹಾಲು" ಉಣಿಸುತ್ತವೆ. ಹೀಗಾಗಿ ಮರಿಯಿರುವ ಗೂಡಿನಿಂದ ಯಾವ ಹಕ್ಕಿಯನ್ನು ಒಯ್ದರೂ ಅದು ವಾಪಸ್ ಬರಲು ಹೆಣಗುತ್ತದೆ.

ಸಾಕುವವರಿಗೆ

- ಬೇರೆಯವರ ಗೂಡಲ್ಲಿ ಹಾರಿ ಬೆಳೆದ ದೊಡ್ಡ ಹಕ್ಕಿಯನ್ನು ಹಾರಿಸಲು ತರಬೇಡಿ. ಸುಮಾರು 30 ದಿನದ, ತಾನೇ ಕಾಳು ತಿನ್ನಲು ಕಲಿತ, ಇನ್ನೂ ಹೊರಗೆ ಹಾರದ ಮರಿ ತನ್ನಿ. ದೊಡ್ಡ ಜೋಡಿ ಇದ್ದರೆ ಒಳಗೇ ಇಟ್ಟು ಮರಿ ಮಾಡಿಸಿ. ಆ ಮರಿಗಳಿಗೆ ನಿಮ್ಮ ಗೂಡೇ ಮನೆ.
- ಗೂಡಿನ ಒಂದೆರಡು ಕಡೆಗಾದರೂ ಜಾಲರಿ ಇರಲಿ. ಗಾಳಿ ಆಡಬೇಕು, ಸುತ್ತಲಿನ ಮರ, ಟ್ಯಾಂಕು, ರಸ್ತೆ ಕಾಣಬೇಕು. ನಾಲ್ಕೂ ಕಡೆ ತಗಡು ಹೊಡೆದರೆ ಮರಿಗೆ ನಕ್ಷೆ ಕೂರೋದಿಲ್ಲ.
- ಮೊದಲ ಸಲ ಬಿಡುವಾಗ ಸ್ವಲ್ಪ ಹಸಿವಿರಲಿ. ಗೂಡಿನ ಸುತ್ತ ಚೆನ್ನಾಗಿ ಹಾರಿದ ಮೇಲೆ 2, 5, 10 ಕಿಲೋಮೀಟರ್ ಅಂತ ದೂರ ಹೆಚ್ಚಿಸಿ. ಬಿಸಿಲಿರುವ ಬೆಳಿಗ್ಗೆಯೇ ಬಿಡಿ. ಎಳೆ ಹಕ್ಕಿಯನ್ನು ಮೋಡ, ಮಳೆ, ಸಂಜೆಯಲ್ಲಿ ಬಿಡಬೇಡಿ.
- ದಿನದ ಕಾಳು ಜೋಳ, ಸಜ್ಜೆ, ಹೆಸರು, ಹುರುಳಿ. ದೂರ ಹಾರಿಸುವ ಮುಂಚಿನ ದಿನಗಳಲ್ಲಿ ಮೆಕ್ಕೆಜೋಳದ ಜತೆ ಸ್ವಲ್ಪ ಶೇಂಗಾ, ಕುಸುಬೆ ಸೇರಿಸಿ. ಬೂಸ್ಟು ಹಿಡಿದ ಕಾಳು ಬೇಡವೇ ಬೇಡ. ಮರಳುಕಲ್ಲು, ಶುದ್ಧ ನೀರು ಯಾವಾಗಲೂ ಇರಲಿ.

ಹೀಗೆ ಪಳಗಿಸಿದ ಹಕ್ಕಿ ಎಷ್ಟು ನಂಬಿಕಸ್ಥ ಅನ್ನೋದಕ್ಕೆ ಒಡಿಶಾ ಪೊಲೀಸರೇ ಸಾಕ್ಷಿ. 1946ರಲ್ಲಿ ಸೈನ್ಯದಿಂದ 200 ಪಾರಿವಾಳ ಪಡೆದು ಶುರು ಮಾಡಿದ ಅಂಚೆಯನ್ನು ದಶಕಗಳ ಕಾಲ ನಡೆಸಿದರು. ಪ್ರವಾಹ, ಚಂಡಮಾರುತದಲ್ಲಿ ತಂತಿ ಕಡಿದಾಗ ಸುದ್ದಿ ಮುಟ್ಟಿಸಿದ್ದು ಈ ಹಕ್ಕಿಗಳೇ.

ಓಡಿಸುವವರಿಗೆ

- ದೂರ ಒಯ್ದು ಬಿಡೋದು ಪೆಟ್ರೋಲ್ ದಂಡ. ನಿಮ್ಮ ಉಗ್ರಾಣ ಅದಕ್ಕೆ ಮನೆಯಾಗಿದೆ, ಅದು ಮನೆಯಾಗಿ ಉಳಿಯದಂತೆ ಮಾಡಿ.
- ಗೂಡಲ್ಲಿ ಮರಿ ಇಲ್ಲದ ಹೊತ್ತು ನೋಡಿ ಸೂರಿನ ಸಂದು, ಕಿಟಕಿ, ಗಾಳಿಗಂಡಿಗೆ ಬಲೆ ಬಿಗಿಯಿರಿ. ಕಣ್ಣು 5 ಸೆಂಟಿಮೀಟರಿಗಿಂತ ದೊಡ್ಡದಿರಬಾರದು. ಒಳಗೆ ಹಕ್ಕಿ ಉಳಿದಿಲ್ಲ ಅಂತ ನೋಡಿಕೊಂಡೇ ಮುಚ್ಚಿ.
- ಕಣದಲ್ಲಿ ಚೆಲ್ಲಿದ ಕಾಳು ಅಂದೇ ಗುಡಿಸಿ. ಬಿತ್ತಿದ ಬೀಜ ಮಣ್ಣಿನಲ್ಲಿ ಸರಿಯಾಗಿ ಮುಚ್ಚಿರಲಿ.
- ವಿಷದ ಕಾಳು ಇಡಬೇಡಿ. ಅದನ್ನು ನಿಮ್ಮ ಕೋಳಿ ತಿನ್ನುತ್ತೆ, ಸತ್ತ ಹಕ್ಕಿಯನ್ನು ನಾಯಿ, ಹದ್ದು ತಿನ್ನುತ್ತವೆ.
- ಒಣಗಿದ ಹಿಕ್ಕೆಯನ್ನು ಹಾಗೇ ಗುಡಿಸಬೇಡಿ. ಅದರ ಧೂಳಿನಿಂದ ಶ್ವಾಸಕೋಶದ ಕಾಯಿಲೆ ಬರುತ್ತೆ. ಮೊದಲು ನೀರು ಚಿಮುಕಿಸಿ, ಮುಖಕ್ಕೆ ಮಾಸ್ಕ್ ಹಾಕಿ, ಆಮೇಲೆ ಕೆರೆದು ಗುಂಡಿಗೆ ಹಾಕಿ ಮುಚ್ಚಿ. ಗೂಡು ಸಾಕುವವರಿಗೂ ಇದೇ ಮಾತು.

ಬಲೆ ಹಾಕಿದ ಮೇಲೂ ಕೆಲವು ದಿನ ಹಕ್ಕಿಗಳು ಬಂದು ಸೂರಿನ ಮೇಲೆ ಕೂರುತ್ತವೆ. ಬಲೆ ಕಟ್ಟಿದ್ದು ದಂಡ ಅಂತ ಬಿಚ್ಚಬೇಡಿ. ಒಳಗೆ ಗೂಡಿಗೆ ಜಾಗವಿಲ್ಲ, ಕೆಳಗೆ ಕಾಳಿಲ್ಲ ಅಂತ ಅವಕ್ಕೆ ಖಾತ್ರಿಯಾಗೋವರೆಗೂ ಬಲೆ ಇರಲಿ.