ಕೈಚಳಕ, ಕಾಲ್ಚಳಕ: ಹಳ್ಳಿಯ ಆಟಗಳಲ್ಲಿ ಕಾಠಿನ್ಯ ವಿಚಾರ

ಕನ್ನಡ ನುಡಿಯು ಕೈಗೆ ಕೊಟ್ಟಿರುವ ಮನ್ನಣೆಯನ್ನು ಕಾಲಿಗೆ ಕೊಟ್ಟಿಲ್ಲವೆಂಬುದು ನಿಘಂಟನ್ನು ತಿರುವಿದವರಿಗೆಲ್ಲ ವಿದಿತವೇ ಆಗಿದೆ. ಕುಶಲನಲ್ಲಿ ಕೈಚಳಕವಿದೆ, ವೈದ್ಯನಲ್ಲಿ ಕೈಗುಣವಿದೆ, ಕಲಿತ ವಿದ್ಯೆ ಕರಗತವಾಗುತ್ತದೆ, ಎಣಿಸಿದ ಕಾರ್ಯ ಕೈಗೂಡುತ್ತದೆ, ನಿಸ್ಸಂದೇಹವಾಗಿ ತಿಳಿದದ್ದು ಕರತಲಾಮಲಕವೆನಿಸುತ್ತದೆ. ಕಾಲಿನ ಪಾಲಿಗೆ ಉಳಿದಿರುವುದು ಕಾಲು ಕೆರೆದು ಜಗಳ ತೆಗೆಯುವುದು, ಕಾಲ್ಕೀಳುವುದು ಮೊದಲಾದ ಅಲ್ಪ ಗೌರವದ ಮಾತುಗಳು. ಕಾಲಿಗೆ ಬುದ್ಧಿ ಹೇಳುವುದೆಂದರೂ ಪಲಾಯನವೆಂದೇ ಅರ್ಥ! 'ಕಾಲ್ಚಳಕ'ವೆಂಬ ಮಾತನ್ನು ಇಂದು ಓದುಗರು ಹೆಚ್ಚಾಗಿ ಕಾಣುವುದು ವೃತ್ತಪತ್ರಿಕೆಗಳ ಕಾಲ್ಚೆಂಡಾಟದ ವರದಿಗಳಲ್ಲಿ. ಛಂದಶ್ಶಾಸ್ತ್ರವು ಪದ್ಯಕ್ಕೆ ಕೈಗಳನ್ನು ಕೊಡದೆ ಪಾದಗಳನ್ನು ಕೊಟ್ಟಿರುವುದೊಂದೇ ಕಾಲಿಗೆ ದೊರೆತ ದೊಡ್ಡ ಸನ್ಮಾನವೆನ್ನಬೇಕು.

ಈ ಪಕ್ಷಪಾತ ಭಾಷೆಯಲ್ಲಿ ಮಾತ್ರ ನಿಂತಿದ್ದರೆ ಚಿಂತೆಯಿರಲಿಲ್ಲ. ಗ್ರಾಮೀಣ ಆಟಗಳನ್ನು ಶಾಲೆಯ ಅಂಗಳಕ್ಕೆ ಮರಳಿ ತರಬೇಕೆಂಬ ಉತ್ಸಾಹ ಈಚೆಗೆ ಎಲ್ಲೆಡೆ ಕಾಣುತ್ತಿದೆ. ಆಟ ಬಂದ ಮೇಲೆ ಸ್ಪರ್ಧೆ, ಸ್ಪರ್ಧೆಯ ಹಿಂದೆ ಬಹುಮಾನ. ಆಗ ಹುಡುಗರ ಬುಗುರಿಯನ್ನು ಕೌಶಲವೆಂದೂ ಹುಡುಗಿಯರ ಕುಂಟೆಬಿಲ್ಲೆಯನ್ನು ಬರಿಯ ಕುಣಿದಾಟವೆಂದೂ ಎಣಿಸಿದರೆ ಮಕ್ಕಳಿಗೆ ಅನ್ಯಾಯವಾದಂತೆ. ಆದುದರಿಂದ ಕೈಯ ಆಟ ಕಷ್ಟವೋ, ಕಾಲಿನ ಆಟ ಕಷ್ಟವೋ ಎಂಬ ಪ್ರಶ್ನೆ ವಿಚಾರಾರ್ಹವಾದುದು.

ಮೊದಲು ಬುಗುರಿಯನ್ನು ನೋಡಬಹುದು. ಚಾಟಿಯನ್ನು ಬಿಗಿಯಾಗಿ ಸುತ್ತಿ, ಬೀಸಿ ಎಸೆದು, ತಕ್ಕ ಕ್ಷಣದಲ್ಲಿ ಹಿಂದಕ್ಕೆ ಸೆಳೆಯುವುದು ಆರಂಭದ ಪಾಠ. ನೆಲದಲ್ಲಿ ತಿರುಗುತ್ತಿರುವ ಬುಗುರಿಯ ಮೊಳೆಯನ್ನು ತೋರುಬೆರಳು ಮತ್ತು ನಡುಬೆರಳುಗಳ ಸಂದಿಗೆ ತೆಗೆದುಕೊಂಡು ಅಂಗೈಗೆ ಏರಿಸುವುದು ಎರಡನೆಯದು. ನೆಲ ಮುಟ್ಟುವ ಮೊದಲೇ ಚಾಟಿಯಿಂದ ಎಳೆದು ಅಂಗೈಯಲ್ಲಿ ಹಿಡಿಯುವುದು ನುರಿತವರ ವಿದ್ಯೆ. ಇದನ್ನು ನೋಡಿದವರು ಕೈಯನ್ನು ಹೊಗಳದೆ ಇರಲಾರರು. ಆದರೆ ಕೈಗೆ ಇಲ್ಲಿ ಪ್ರಕೃತಿಯ ಸಹಾಯ ಎಷ್ಟಿದೆಯೆಂಬುದನ್ನು ಗಮನಿಸಬೇಕು. ಅಂಗೈ ಬೋಗುಣಿಯಂತೆ ತಗ್ಗಾಗಿದೆ. ಅಂಚಿಗೆ ಸರಿದ ಬುಗುರಿ ಮತ್ತೆ ನಡುವಿಗೆ ಜಾರುತ್ತದೆ. ಪಾದದ ಮೇಲ್ಭಾಗವಾದರೋ ಬೋರಲು ಹಾಕಿದ ಬೋಗುಣಿ. ಅಲ್ಲಿ ಎಳ್ಳಷ್ಟು ಓರೆಯಾದ ಬುಗುರಿಯೂ ಹೊರಕ್ಕೇ ಓಡುತ್ತದೆ.

ಅಣ್ಣೆಕಲ್ಲಿನ ಆಟ ಈ ವಿಷಯದಲ್ಲಿ ಬಹಳ ಬೋಧಪ್ರದವಾದುದು. ಒಂದು ಕಲ್ಲನ್ನು ಮೇಲಕ್ಕೆಸೆದು, ಅದು ಇಳಿಯುವುದರೊಳಗೆ ನೆಲದ ಕಲ್ಲುಗಳನ್ನು ಬಾಚಿಕೊಂಡು, ಎಸೆದುದನ್ನೂ ಹಿಡಿಯಬೇಕು. ಸುಮಾರು 45 ಸೆಂಟಿಮೀಟರ್ ಏರಿದ ಕಲ್ಲು ಹತ್ತಿ ಇಳಿಯಲು ತೆಗೆದುಕೊಳ್ಳುವುದು 0.6 ಸೆಕೆಂಡು ಮಾತ್ರ. ಅಷ್ಟರಲ್ಲಿ ಇಷ್ಟೆಲ್ಲ ನಡೆಯುವುದು ಬೆರಳುಗಳು ಮುಚ್ಚಿಕೊಳ್ಳುವುದರಿಂದ; ಅಂದಾಜು ಸ್ವಲ್ಪ ತಪ್ಪಿದರೂ ಮುಷ್ಟಿ ಆ ತಪ್ಪನ್ನು ಮುಚ್ಚಿಹಾಕುತ್ತದೆ. ಆದರೆ ಕಲ್ಲುಗಳನ್ನು ಮುಂಗೈಯ ಬೆನ್ನಿನ ಮೇಲೆ ತಾಳಿಕೊಳ್ಳುವ ಘಟ್ಟ ಬಂದಾಗ ಚೆನ್ನಾಗಿ ಆಡುವವರೂ ಎಡವುತ್ತಾರೆ. ಕೈಯಿಂದ ಹಿಡಿತವನ್ನು ಕಿತ್ತುಕೊಂಡೊಡನೆ ಕೈಯೂ ಕಾಲಿನ ಸ್ಥಿತಿಗೆ ಇಳಿಯುತ್ತದೆ. ಬೀಳುವ ವಸ್ತುವಿನೊಡನೆ ತಾನೂ ಅದೇ ವೇಗದಲ್ಲಿ ಕೆಳಗೆ ಸರಿದು ಪೆಟ್ಟನ್ನು ಮೆತ್ತಗಾಗಿಸುವುದೊಂದೇ ಆಗ ಉಳಿಯುವ ಉಪಾಯ. ಕಾಲಿಗೆ ಎಲ್ಲ ಹೊತ್ತಿನಲ್ಲಿಯೂ ಇದೊಂದೇ ಉಪಾಯ.

ಇನ್ನು ಕುಂಟೆಬಿಲ್ಲೆ. ಹೆಂಚಿನ ಚೂರೊಂದನ್ನು ಮನೆಯೊಳಕ್ಕೆ ಎಸೆದು, ಒಂಟಿಗಾಲಿನಲ್ಲಿ ಕುಪ್ಪಳಿಸುತ್ತ, ಗೆರೆ ತುಳಿಯದೆ, ಬಿಲ್ಲೆಯೂ ಗೆರೆಯ ಮೇಲೆ ನಿಲ್ಲದಂತೆ ಮನೆಯಿಂದ ಮನೆಗೆ ದಾಟಿಸುವ ಈ ಆಟವನ್ನು ಸುಲಭವೆನ್ನುವವರು ಆಡಿ ನೋಡಿದವರಲ್ಲ. ಬುಗುರಿಯಾಟದಲ್ಲಿ ಎರಡು ಕಾಲುಗಳು ದೇಹವನ್ನು ಹೊರುತ್ತವೆ, ಕೈ ಕೆಲಸ ಮಾಡುತ್ತದೆ. ಹೊರುವ ಅಂಗ ಬೇರೆ, ದುಡಿಯುವ ಅಂಗ ಬೇರೆ. ಚೆಂಡನ್ನು ಕಾಲಿನಿಂದ ಪುಟಿಸುವವನಲ್ಲಿ ಒಂದು ಕಾಲು ಹೊರುತ್ತದೆ, ಇನ್ನೊಂದು ದುಡಿಯುತ್ತದೆ. ಕುಂಟೆಬಿಲ್ಲೆಯಲ್ಲಿ ಹೊರುವುದೂ ಅದೇ ಕಾಲು, ದುಡಿಯುವುದೂ ಅದೇ ಕಾಲು! ಪಾದವು ನೆಲ ಬಿಟ್ಟ ಅಲ್ಪಕಾಲದಲ್ಲಿಯೇ ಬಿಲ್ಲೆಯನ್ನು ಹದವಾಗಿ ತಳ್ಳಿ, ಮರುಕ್ಷಣದಲ್ಲಿ ಇಡೀ ಮೈಯ ಭಾರಕ್ಕೆ ಆಧಾರವಾಗಿ ನಿಲ್ಲಬೇಕು. ಹೆಚ್ಚು ತಳ್ಳಿದರೆ ಬಿಲ್ಲೆ ಗೆರೆ ದಾಟುತ್ತದೆ, ಕಡಿಮೆಯಾದರೆ ಗೆರೆಯ ಮೇಲೆಯೇ ಕೂರುತ್ತದೆ. ಬಿಲ್ಲೆಯನ್ನು ಪಾದದ ಮೇಲಿಟ್ಟುಕೊಂಡು ಬೀಳದಂತೆ ನಡೆಯುವ ಮುಂದಿನ ಘಟ್ಟ ಬೇರೆಯೇ ಇದೆ.

ಮಹಾರಾಷ್ಟ್ರದ ವಿಟಿದಾಂಡು, ಅಂದರೆ ಚಿನ್ನಿದಾಂಡು, ಆಟದಲ್ಲಿ ಕೈಕಾಲುಗಳನ್ನು ಒಂದೇ ತಕ್ಕಡಿಯಲ್ಲಿಟ್ಟಂತಹ ಒಂದು ಕ್ರಮವಿದೆ. ಚಿನ್ನಿಯನ್ನು ಪಾದ, ಮುಷ್ಟಿ, ಕಣ್ಣು ಹೀಗೆ ದೇಹದ ಬೇರೆ ಬೇರೆ ಭಾಗಗಳ ಮೇಲಿಟ್ಟು, ಚಿಮ್ಮಿಸಿ ಹೊಡೆಯಬೇಕು. ಅದರ ಎಣಿಕೆ 'ವಕಟ, ಲೇಂಡ, ಮುಂಡ, ನಾಲ' ಎಂದು ಸಾಗುತ್ತದೆ. ತೆಲುಗಿನ ಒಕಟಿ, ರೆಂಡು, ಮೂಡು, ನಾಲುಗು ಎಂಬ ಸಂಖ್ಯೆಗಳೇ ಮರಾಠಿ ಮಕ್ಕಳ ಬಾಯಲ್ಲಿ ಹೀಗೆ ರೂಪಾಂತರಗೊಂಡಿವೆ. ದ್ರಾವಿಡ ನುಡಿಗಳ ಸಂಚಾರವನ್ನು ಅರಸುವವರು ಆಟದ ಬಯಲನ್ನೂ ಒಮ್ಮೆ ಹೊಕ್ಕು ನೋಡುವುದು ಲೇಸು. ಇರಲಿ.

ದೇಹರಚನೆಯೂ ಕಾಲಿಗೆ ಪ್ರತಿಕೂಲವಾಗಿದೆ. ಹಸ್ತದಲ್ಲಿ 27 ಎಲುಬುಗಳು, ಪಾದದಲ್ಲಿ 26. ಸಂಖ್ಯೆಯಲ್ಲಿ ಬಹುಮಟ್ಟಿಗೆ ಸಮಾನರು. ಆದರೆ ಹೆಬ್ಬೆರಳು ಇತರ ಬೆರಳುಗಳಿಗೆ ಎದುರಾಗಿ ಬರುವ ಭಾಗ್ಯ ಕೈಯದು ಮಾತ್ರ. ಒಂದು ತೋಳು ದೇಹತೂಕದ ಸುಮಾರು ಇಪ್ಪತ್ತನೆಯ ಒಂದು ಪಾಲಾದರೆ ಒಂದು ಕಾಲು ಸುಮಾರು ಆರನೆಯ ಒಂದು ಪಾಲು. ಅಷ್ಟು ಭಾರವನ್ನು ಥಟ್ಟನೆ ಎತ್ತಿ ಥಟ್ಟನೆ ನಿಲ್ಲಿಸಬೇಕು. ಕೆನಡಾದ ಶಸ್ತ್ರವೈದ್ಯ ಪೆನ್‌ಫೀಲ್ಡ್ ಮತ್ತು ಅವರ ಸಹೋದ್ಯೋಗಿ ಬೋಲ್ಡ್ರೆ 1937ರಲ್ಲಿ ಪ್ರಕಟಿಸಿದ ಮಿದುಳಿನ ಅಧ್ಯಯನದ ಬಳಿಕ ಪ್ರಸಿದ್ಧವಾದ ನಕ್ಷೆಗಳಲ್ಲಿ ಹಸ್ತಕ್ಕೆ ದೊರೆತಿರುವ ಜಾಗ ದೊಡ್ಡದು, ಪಾದದ್ದು ಚಿಕ್ಕದು.

ಆದರೂ ಅಭ್ಯಾಸವು ಎಷ್ಟು ದೂರ ಕೊಂಡೊಯ್ಯಬಲ್ಲುದೆಂಬುದಕ್ಕೆ ಪೂರ್ವದೇಶಗಳೇ ಸಾಕ್ಷಿ. ಚೀನೀಯರು ಗರಿಯ ಆಟಿಕೆಯನ್ನು ನೆಲಕ್ಕೆ ಬೀಳಿಸದೆ ಕಾಲಿನಿಂದಲೇ ಪುಟಿಸುತ್ತಾರೆ. ಆಗ್ನೇಯ ಏಷ್ಯದಲ್ಲಿ ಬೆತ್ತದ ಚೆಂಡಿನಿಂದ ಬೆಳೆದ ಸೆಪಕ್ ತಕ್ರಾ 1990ರ ಬೀಜಿಂಗ್ ಏಷ್ಯನ್ ಕ್ರೀಡೆಗಳಲ್ಲಿ ಸ್ಥಾನ ಪಡೆಯಿತು. 2018ರಲ್ಲಿ ಭಾರತೀಯರೂ ಅದರಲ್ಲಿ ಕಂಚಿನ ಪದಕ ಗೆದ್ದರು. ಅಮೆರಿಕದ ಆರಿಗನ್‌ನಲ್ಲಿ 1972ರಲ್ಲಿ ಹುಟ್ಟಿದ ಸಣ್ಣ ಕಾಳಿನ ಚೀಲದ ಕಾಲಾಟವೂ ಇದೇ ಜಾತಿಯದು. ಈ ಆಟಗಳಲ್ಲಿ ಪಳಗಿದವರಿಗೆ ಪಾದದ ಒಳಬದಿ, ಹೊರಬದಿ, ಮೊಣಕಾಲು ಎಲ್ಲವೂ ಒಂದೊಂದು ಕೈಯೇ.

ಹಾಗಾದರೆ ಬಹುಮಾನದ ಲೆಕ್ಕ ಹೇಗೆ? ಒಂದೇ ಕೆಲಸವನ್ನು ಕೈಯಿಂದಲೂ ಕಾಲಿನಿಂದಲೂ ಮಾಡಿಸಿದಲ್ಲಿ ಕಾಲಿನದಕ್ಕೆ ಹೆಚ್ಚು ಅಂಕ ಸಲ್ಲತಕ್ಕದ್ದು, ಅದರಲ್ಲಿ ವಾದವಿಲ್ಲ. ಆದರೆ ಅಣ್ಣೆಕಲ್ಲಿನ ಕೊನೆಯ ಘಟ್ಟವನ್ನೂ ಕುಂಟೆಬಿಲ್ಲೆಯ ಮೊದಲ ಮನೆಯನ್ನೂ ಪಕ್ಕಪಕ್ಕದಲ್ಲಿಟ್ಟು, ಕಾಲೆಂಬ ಕಾರಣಕ್ಕೇ ಎರಡನೆಯದನ್ನು ಮೇಲೆಂದರೆ ಅದೂ ಅವಿಚಾರವೇ. ಹಿಡಿತವಿದೆಯೇ, ಹೊರುವ ಅಂಗವೂ ದುಡಿಯುವ ಅಂಗವೂ ಬೇರೆಯೇ, ತಪ್ಪನ್ನು ತಿದ್ದಿಕೊಳ್ಳಲು ಎಷ್ಟು ಸಮಯವಿದೆ ಎಂಬ ಮೂರನ್ನು ತೀರ್ಪುಗಾರರು ನೋಡಿದರೆ ಸಾಕು. ಎಡಗೈಯಿಂದಲೂ ಬಾಣ ಬಿಡಬಲ್ಲವನಾದ್ದರಿಂದ ಅರ್ಜುನನಿಗೆ ಸವ್ಯಸಾಚಿಯೆಂಬ ಬಿರುದು ಬಂತು. ಬಲಗಾಲಿನಲ್ಲಿ ಮನೆ ಗೆದ್ದು, ಮರಳಿ ಎಡಗಾಲಿನಲ್ಲಿ ಅದನ್ನೇ ಗೆಲ್ಲುವ ಹುಡುಗಿಗೆ ಕನ್ನಡದಲ್ಲಿ ಇನ್ನೂ ಒಂದು ಹೆಸರಿಲ್ಲ.