ಕ್ಷೌರಕ್ಕೆ ಹೆದರುವ ಮಗು

ಕ್ಷೌರದ ಅಂಗಡಿಯ ಬಾಗಿಲಲ್ಲೇ ಅಳಲಾರಂಭಿಸುವ ಎಳೆಯ ಮಕ್ಕಳನ್ನು ನಾವೆಲ್ಲರೂ ಕಂಡಿದ್ದೇವೆ. ಇದನ್ನು ಹಟವೆಂದು ಭಾವಿಸಿ, ಒಬ್ಬರು ಕೈಕಾಲುಗಳನ್ನು ಹಿಡಿದು, ಇನ್ನೊಬ್ಬರು ತಲೆಯನ್ನು ಅದುಮಿ ಕೆಲಸ ಮುಗಿಸುವುದುಂಟು. ಕೂದಲು ಇಳಿಯುತ್ತದೆ, ಭಯ ಮಾತ್ರ ಬೆಳೆಯುತ್ತದೆ. ಮುಂದಿನ ಸಲ ಆ ಮಗು ಅಂಗಡಿಯ ಬೀದಿಗೆ ತಿರುಗುವಾಗಲೇ ತಾಯಿಯ ಸೆರಗನ್ನು ಬಿಗಿಯಾಗಿ ಹಿಡಿಯುತ್ತದೆ.

ಈ ಭಯಕ್ಕೆ ಕಾರಣಗಳಿವೆ. ಕೂದಲಿನ ಎಳೆಯಲ್ಲಿ ನರಗಳಿಲ್ಲ, ಆದ್ದರಿಂದ ಕತ್ತರಿಸಿದರೆ ನೋಯದು. ಆದರೆ ಅದರ ಬುಡದ ಸುತ್ತ ನರಗಳ ತುದಿಗಳಿವೆ. ಮೊಂಡು ಕತ್ತರಿ ಎಳೆದರೆ ನಿಜವಾಗಿಯೂ ನೋವಾಗುತ್ತದೆ. ಯಂತ್ರದ ಕಂಪನವು ತಲೆಬುರುಡೆಯ ಮೂಲಕವೂ ಒಳಗಿವಿಯನ್ನು ತಲುಪುವುದರಿಂದ, ಪಕ್ಕದಲ್ಲಿ ನಿಂತ ನಮಗಿಂತ ಮಗುವಿಗೆ ಅದರ ಸದ್ದು ಹೆಚ್ಚು. ಕುತ್ತಿಗೆಗೆ ಬಿಗಿದ ಬಟ್ಟೆ, ಹಠಾತ್ತನೆ ಚಿಮುಕಿಸುವ ತಣ್ಣೀರು, ಚುಚ್ಚುವ ಕೂದಲ ತುಣುಕುಗಳು, ಬೆನ್ನ ಹಿಂದಿನ ಅಪರಿಚಿತ ಕೈ ಇವೆಲ್ಲವೂ ಒಮ್ಮೆಲೇ ಎದುರಾಗುತ್ತವೆ. ಕತ್ತರಿಸಿದ ಕೂದಲು ಮತ್ತೆ ಬೆಳೆಯುತ್ತದೆಂಬ ಅರಿವೂ ಆ ವಯಸ್ಸಿಗೆ ಇರುವುದಿಲ್ಲ.

ಆಯುರ್ವೇದದ ಎಂಟು ಅಂಗಗಳಲ್ಲಿ ಮಕ್ಕಳ ಪಾಲನೆಗೆ ಮೀಸಲಾದ ಕೌಮಾರಭೃತ್ಯವೂ ಒಂದು. ಮಗುವನ್ನು ಹೆದರಿಸುವುದು ಸಲ್ಲದು, ಅದು ಅತ್ತಾಗ ಅಥವಾ ಉಣ್ಣದಿದ್ದಾಗ ರಾಕ್ಷಸ, ಪಿಶಾಚಿಗಳ ಹೆಸರು ಹೇಳಿ ಅಂಕೆಗೆ ತರಬಾರದು ಎಂದು ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯವು ಎಚ್ಚರಿಸುತ್ತದೆ. ಇಂದು ಆ ಪಿಶಾಚಿಯ ಸ್ಥಾನದಲ್ಲಿ ಸೂಜಿ ಚುಚ್ಚುವ ವೈದ್ಯರನ್ನೂ ಕಿವಿ ಕತ್ತರಿಸುವ ಕ್ಷೌರಿಕರನ್ನೂ ನಾವೇ ನಿಲ್ಲಿಸಿದ್ದೇವೆ. ನಗೆಗಾಗಿ ಆಡಿದ ಮಾತನ್ನು ಮಗು ನಂಬುತ್ತದೆ.

ಸಿದ್ಧತೆಯು ಮನೆಯಲ್ಲಿಯೇ ಆರಂಭವಾಗಬೇಕು. ವಾರದಲ್ಲಿ ಎರಡು ಮೂರು ಸಲ ಬೆಚ್ಚಗಿನ ಎಣ್ಣೆಯಿಂದ ತಲೆಯನ್ನು ಮೃದುವಾಗಿ ತಿಕ್ಕಿದರೆ, ಕಿವಿಯ ಹಿಂಭಾಗ ಮತ್ತು ಕುತ್ತಿಗೆಯ ಸ್ಪರ್ಶ ಮಗುವಿಗೆ ರೂಢಿಯಾಗುತ್ತದೆ. ಬಾಚಣಿಗೆ ಕೊಟ್ಟು ಗೊಂಬೆಗೆ ಕ್ಷೌರ ಮಾಡುವ ಆಟ ಆಡಿಸಬೇಕು. ತಂದೆಯೋ ಅಣ್ಣನೋ ಕ್ಷೌರ ಮಾಡಿಸಿಕೊಳ್ಳುವಾಗ ಒಮ್ಮೆ ಸುಮ್ಮನೆ ಕರೆದೊಯ್ದು ತೋರಿಸಬೇಕು.

ಕ್ಷೌರದ ದಿನ, ಮಗು ಉಂಡು ನಿದ್ರಿಸಿ ಎದ್ದ ಬಳಿಕ, ಅಂಗಡಿಯಲ್ಲಿ ಜನವಿಲ್ಲದ ಹೊತ್ತಿನಲ್ಲಿ ಹೋಗುವುದು ಲೇಸು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಯಂತ್ರದ ಬದಲು ಹರಿತವಾದ ಕತ್ತರಿಯನ್ನೇ ಬಳಸುವಂತೆ ಕೋರಬೇಕು. “ಏನೂ ಆಗುವುದಿಲ್ಲ” ಎನ್ನುವುದಕ್ಕಿಂತ, “ಈಗ ನೀರು ತಣ್ಣಗಿರುತ್ತದೆ, ಈಗ ಕತ್ತರಿ ಸದ್ದು ಮಾಡುತ್ತದೆ” ಎಂದು ಮುಂಚಿತವಾಗಿ ತಿಳಿಸುವುದು ಉತ್ತಮ. ಹೇಳಿದಂತೆಯೇ ನಡೆದಾಗ ಮಗು ನಮ್ಮ ಮಾತನ್ನು ನಂಬುತ್ತದೆ. ಅಳು ಹೆಚ್ಚಾದರೆ ನಿಲ್ಲಿಸಿ, ಉಳಿದ ಅರ್ಧವನ್ನು ಮರುದಿನ ಮಾಡಿಸಬಹುದು. ಓರೆಯಾದ ಕೂದಲಿನಿಂದ ಯಾವ ಹಾನಿಯೂ ಇಲ್ಲ, ಆದರೆ ಕೊಸರಾಡುವ ತಲೆಗೆ ಕತ್ತಿ ತಗುಲಿದರೆ ಗಾಯವಾಗುತ್ತದೆ. ಜವಳ ತೆಗೆಸುವ ದಿನದ ಗದ್ದಲದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಬಳಿಕ ಬೆಚ್ಚಗಿನ ಸ್ನಾನ ಮಾಡಿಸಿ, ಧೈರ್ಯವನ್ನು ಮೆಚ್ಚಿ ಮಾತನಾಡಬೇಕು. ಅತ್ತುದನ್ನು ನೆಂಟರ ಮುಂದೆ ಹೇಳಿ ನಗಬಾರದು.

ಕ್ಷೌರವಷ್ಟೇ ಅಲ್ಲದೆ ಸ್ನಾನ, ಉಗುರು ಕತ್ತರಿಸುವುದು, ಹೊಸ ಬಟ್ಟೆ, ಮಿಕ್ಸರಿನ ಸದ್ದು ಇವೆಲ್ಲಕ್ಕೂ ಮಗು ತೀವ್ರವಾಗಿ ಹೆದರುತ್ತಿದ್ದು, ಮಾತು ಬರುವುದೂ ತಡವಾಗಿದ್ದರೆ ಮಕ್ಕಳ ತಜ್ಞರಿಗೆ ತೋರಿಸಬೇಕು. ಉಳಿದ ಮಕ್ಕಳಿಗೆ ಔಷಧಿ ಬೇಕಿಲ್ಲ, ಹಿರಿಯರ ತಾಳ್ಮೆಯೇ ಸಾಕು. ತನ್ನ ಅಳುವಿಗೆ ಮನೆಯವರು ಕಿವಿಗೊಡುತ್ತಾರೆಂದು ಅರಿತ ಮಗು, ಮುಂದೆ ದೊಡ್ಡ ಭಯಗಳನ್ನೂ ಅವರ ಬಳಿಯೇ ಹೇಳಿಕೊಳ್ಳುತ್ತದೆ.